ರಕ್ತ ಹೇಳಿದ ಚಾಡಿ

ಫೆಬ್ರವರಿ ೩, ಮಂಗಳವಾರ

ಸಿಟ್ಟನ್ನೆಲ್ಲ ಮನೆಗೆ ತಂದು ಸುರಿಯಬೇಡಿ, ಬೇಕಾದರೆ ಎಲ್ಲಾದರೂ ಬರೆದಿಡಿ ಎಂದು ಹೆಂಡತಿ ಹೇಳಿದ್ದಾಳೆ. ಸರಿ, ಬರೆಯುತ್ತೇನೆ. ಹಾಳೆ ಸಾಲದಿದ್ದರೆ ಅವಳೇ ತಂದುಕೊಡಲಿ.

ಇವತ್ತಿನ ಸಿಟ್ಟು ವರ್ಕ್‌ಶಾಪಿನ ಮೇಸ್ತ್ರಿಯ ಮೇಲೆ. ನನ್ನ ಬಸ್ಸಿನ ಕ್ಲಚ್ ಕಲ್ಲಾಗಿದೆ, ಸ್ಟೇರಿಂಗ್ ತಿರುಗಿಸಲು ಇಬ್ಬರು ಬೇಕು ಎಂದು ಎಷ್ಟೋ ಸಲ ಹೇಳಿದ್ದೇನೆ. ಕೊನೆಗೆ ಅವನೇ ಹತ್ತಿ ಕೂತು, ಡಿಪೋ ಅಂಗಳದಲ್ಲಿ ಒಂದು ಸುತ್ತು ಹೊಡೆದು ಇಳಿದ.

"ಬೆಣ್ಣೆ ಕುಯ್ದ ಹಾಗಿದೆಯಲ್ಲ ಸ್ವಾಮಿ! ಇನ್ನೇನು ಮಾಡ್ಲಿ, ಜೋಗುಳ ಹಾಡ್ಲಾ ಅದಕ್ಕೆ?"

ಅರ್ಧ ಜೀವಮಾನ ಬಸ್ಸು ಓಡಿಸಿದವನಿಗೆ ಕ್ಲಚ್ ಹೇಗಿದೆ ಎಂದು ಗೊತ್ತಾಗುವುದಿಲ್ಲವೆ? ಒಂದು ಪಾಳಿ ಮುಗಿಯುವಷ್ಟರಲ್ಲಿ ತೊಡೆಗಳು ಹಲಗೆಯ ಹಾಗೆ ಬಿಗಿದುಕೊಳ್ಳುತ್ತವೆ. ಹೊಸ ಬಸ್ಸುಗಳ ಮೆಟ್ಟಿಲನ್ನೂ ಎತ್ತರ ಮಾಡಿದ್ದಾರೆ. ಹಿಡಿಕೆ ಹಿಡಿದು ಮೈಯನ್ನು ಎಳೆದುಕೊಂಡು ಹತ್ತಬೇಕು. ಡ್ರೈವರನ ಕಷ್ಟ ಯಾರಿಗೆ ಬೇಕು?

ಕಂಡಕ್ಟರನದು ಇನ್ನೊಂದು ಕಾಟ. ಎಲ್ಲ ಕಿಟಕಿಯನ್ನೂ ತೆರೆದಿಡುತ್ತಾನೆ. ಚಳಿಯಾಗುತ್ತದೆ ಮುಚ್ಚಯ್ಯ ಎಂದರೆ, "ಸೆಕೆಗೆ ಜನ ಬೆಂದು ಹೋಗ್ತಿದ್ದಾರೆ, ನಿಮಗೊಬ್ಬರಿಗೆ ಚಳಿನಾ?" ಎನ್ನುತ್ತಾನೆ. ಹೌದು, ನನಗೊಬ್ಬನಿಗೆ ಚಳಿ. ಅದೂ ಅಪರಾಧವೇ?

ನಾಳಿದ್ದು ಡಿಪೋದಲ್ಲಿ ವರ್ಷದ ಆರೋಗ್ಯ ತಪಾಸಣೆ. ಅದೊಂದು ಕಾಲಹರಣ.

ಫೆಬ್ರವರಿ ೯, ಸೋಮವಾರ

ಬ್ರೇಕೂ ಕೆಟ್ಟಿದೆ. ಶಾಲೆಯ ಮುಂದೆ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ರಸ್ತೆ ದಾಟುತ್ತಿದ್ದಳು. ಕಂಡ ಕೂಡಲೇ ಬ್ರೇಕ್ ಒತ್ತಿದೆ. ಬಸ್ಸು ನಿಂತದ್ದು ಅವಳ ಕೈಚೀಲಕ್ಕೆ ತಾಗುವಷ್ಟು ಹತ್ತಿರದಲ್ಲಿ. ಅವಳು ಬಸ್ಸಿನ ಮೂತಿಗೆ ಅಂಗೈಯಿಂದ ಬಡಿದು ಬಡಿದು ನನ್ನ ವಂಶವನ್ನೆಲ್ಲ ಬೈದಳು. ಕಂಡಕ್ಟರ್ ಬಿಳುಚಿಕೊಂಡಿದ್ದ. "ಅಷ್ಟು ದೂರದಿಂದ ಕಾಣ್ತಿದ್ರಲ್ಲ, ಏನು ಯೋಚ್ನೆ ಮಾಡ್ತಿದ್ರಿ?" ಎಂದ.

ಏನೂ ಯೋಚಿಸುತ್ತಿರಲಿಲ್ಲ. ಮೇಸ್ತ್ರಿ ಬ್ರೇಕನ್ನೂ ನೋಡಿ "ಸರಿಯಾಗಿದೆ" ಎಂದಿದ್ದಾನೆ. ಇವನ ಕಣ್ಣಿಗೆ ಸರಿಯಿಲ್ಲದ್ದು ಈ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಫೆಬ್ರವರಿ ೧೨, ಗುರುವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟದಾಗಿದ್ದರೆ ಅದಕ್ಕೆ ಡಿಪೋ ಡಾಕ್ಟರೇ ಹೊಣೆ.

ಕರೆಸಿಕೊಂಡರು. ಕೂರಿ ಎಂದೂ ಹೇಳದೆ, ತಲೆಯೆತ್ತದೆ ಕೇಳಿದರು: "ದಿನಕ್ಕೆ ಎಷ್ಟು?"

"ಏನು ಎಷ್ಟು?"

"ಎಷ್ಟು ಕುಡೀತೀರಿ ಅಂತ."

"ಟೀ ಆದರೆ ನಾಲ್ಕು ಲೋಟ."

ನಕ್ಕರು. ರಕ್ತಪರೀಕ್ಷೆಯ ವರದಿಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಹೆಸರು, ಮುಂದೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಅಂಕಿ.

"ಇವು ಲಿವರಿನ ಎಂಜೈಮುಗಳು. ಲಿವರಿಗೆ ಪೆಟ್ಟು ಬಿದ್ರೆ ರಕ್ತಕ್ಕೆ ಸೋರ್ತವೆ. ಎರಡೂ ಏರಿವೆ. ಮೊದಲನೇದು ಎರಡನೇದರ ಎರಡರಷ್ಟಿದೆ. ಇದು ಕುಡಿಯೋರ ರುಜು. ಮುಖ ಊದಿದೆ, ಕಣ್ಣಿನ ಕೆಳಗೆ ಚೀಲ ಬಂದಿದೆ, ಮಾತು ಬೇರೆ ಎಳೀತೀರಿ. ರಕ್ತ ಸುಳ್ಳು ಹೇಳುತ್ತಾ?"

"ಹಾಗಾದ್ರೆ ನಾನು ಹೇಳ್ತೀನಾ?"

"ಎಲ್ಲರೂ ಹೇಳ್ತಾರೆ" ಎಂದರು, ಮಕ್ಕಳಿಗೆ ಸಮಾಧಾನ ಮಾಡುವ ದನಿಯಲ್ಲಿ.

ಅಪ್ಪ ಕುಡಿದು ಕುಡಿದು ಸತ್ತಾಗ ನನಗೆ ಮೀಸೆ ಮೂಡಿರಲಿಲ್ಲ. ಅಣ್ಣ ಅದೇ ದಾರಿ ಹಿಡಿದ. ನಾನು ಇವತ್ತಿಗೂ ಕೆಮ್ಮಿನ ಔಷಧಿಯನ್ನು ಮೂಸಿ ನೋಡಿ ಕುಡಿಯುವವನು. ಕುಡುಕರ ಪಕ್ಕ ಕೂರುವುದಿರಲಿ, ಅವರ ನೆರಳು ಬಿದ್ದರೂ ನನ್ನ ಮೈ ಮುದುಡುತ್ತದೆ. ಅಣ್ಣನನ್ನೂ ಹೊಸ್ತಿಲ ಆಚೆಯೇ ನಿಲ್ಲಿಸಿ ಮಾತಾಡಿಸುವವನು ನಾನು. ಇಂಥ ನನ್ನ ಮುಖಕ್ಕೆ ಈ ಮಾತು!

ಒಂದು ತಿಂಗಳು ಬಸ್ಸು ಮುಟ್ಟುವ ಹಾಗಿಲ್ಲ. "ಕುಡಿಯೋದು ಬಿಡಿ, ಮತ್ತೆ ಪರೀಕ್ಷೆ ಮಾಡೋಣ, ತಾನಾಗಿ ಇಳಿಯುತ್ತೆ" ಎಂದರು. ಇಲ್ಲದ್ದನ್ನು ಬಿಡುವುದು ಹೇಗೆ ಎಂದು ಅವರೇ ಕಲಿಸಿಕೊಡಬೇಕಿತ್ತು.

ಅಲ್ಲಿಯವರೆಗೆ ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಬಂದವರಿಗೆ ಚೀಟಿ ಹರಿದುಕೊಡುವ ಕೆಲಸ. ಕುಡಿದು ಸಿಕ್ಕಿಬಿದ್ದವರನ್ನೆಲ್ಲ ಅಲ್ಲೇ ಕೂರಿಸುವುದು. ಡಿಪೋದಲ್ಲಿ ಅದಕ್ಕೆ ಬಾಟಲಿ ಬೆಂಚು ಎಂದು ಹೆಸರು. ಹೆಸರಿಟ್ಟಾಗ ನಾನೂ ನಕ್ಕಿದ್ದೆ.

ಫೆಬ್ರವರಿ ೨೨, ಭಾನುವಾರ

ಬಟ್ಟೆಬುಟ್ಟಿಯ ಹತ್ತಿರ ಅಮ್ಮ ನಿಂತಿದ್ದಳು. ನನ್ನ ಅಂಗಿಯನ್ನು ಮುಖಕ್ಕೆ ಹಿಡಿದಿದ್ದಳು. ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಕಂಡಿತು, ಮೂಸುತ್ತಿದ್ದಾಳೆ.

ಅಪ್ಪನ ಅಂಗಿಗಳನ್ನು ಅವಳು ಹಾಗೆಯೇ ಮೂಸುತ್ತಿದ್ದುದು ನನಗೆ ನೆನಪಿದೆ.

"ಏನಮ್ಮಾ ಅದು?" ಎಂದೆ.

"ಒಗೆಯೋದಾ ಬೇಡ್ವಾ ಅಂತ ನೋಡ್ತಿದ್ದೆ ಮಗಾ" ಎಂದು ಅಂಗಿಯನ್ನು ಬುಟ್ಟಿಗೆ ಹಾಕಿ ಒಳಗೆ ಹೋದಳು.

ಕನ್ನಡಿಯ ಮುಂದೆ ಹೋಗಿ ತಲೆ ಬಾಚಿಕೊಂಡೆ. ಬಾಚಣಿಗೆ ತುಂಬ ಕೂದಲು. ಸಿಟ್ಟಿಗೆ ಕೂದಲು ಉದುರುತ್ತದಂತೆ, ಉದುರದೆ ಏನು ಮಾಡುತ್ತದೆ?

ಮಾರ್ಚ್ ೧, ಭಾನುವಾರ

ಅಣ್ಣ ಬಂದಿದ್ದ. ಬೀದಿಯ ತಿರುವಿನಿಂದಲೇ ಅವನ ವಾಸನೆ ಬಂತು. ಬಾಗಿಲಲ್ಲೇ ನಿಂತು, ಒಳಗೆ ಬರಲೇ ಬೇಡವೇ ಎಂದು ನನ್ನ ಮುಖ ನೋಡುತ್ತ ಹೇಳಿದ: "ವಿಷಯ ಕೇಳ್ದೆ ಕಣೋ. ನಕ್ಕೂ ನಕ್ಕೂ ಸಾಕಾಯ್ತು. ನೀನು? ಕುಡಿಯೋದು? ಕುಡಿಯೋನಿಗೆ ಕುಡಿಯೋನ ಗುರುತು ಸಿಗಲ್ವೇನೋ? ನಿನ್ನ ಮುಖದಲ್ಲಿ ಆ ಸುಖ ಎಲ್ಲಿದೆ ಹೇಳು?"

ಇಷ್ಟು ಜನರಲ್ಲಿ ನನ್ನನ್ನು ಪೂರಾ ನಂಬಿದವನು ಇವನೊಬ್ಬ. ಇವನ ಸಾಕ್ಷಿಯನ್ನು ನಾನು ಯಾರ ಮುಂದೆ ಹಾಜರು ಮಾಡಲಿ?

"ಆಯ್ತು, ಹೋಗು" ಎಂದೆ. ಹೋದ. ಅಮ್ಮ ಕಿಟಕಿಯಿಂದ ಅವನು ತಿರುವು ದಾಟುವವರೆಗೂ ನೋಡಿದಳು.

ಮಾರ್ಚ್ ೧೧, ಬುಧವಾರ

ಎರಡನೆಯ ಸಲ ರಕ್ತ ಕೊಟ್ಟು ಬಂದೆ. ಹೊಸ್ತಿಲು ದಾಟುತ್ತಿದ್ದ ಹಾಗೆ ಅಮ್ಮ ತಡೆದು ನಿಂತಳು. ಅವಳ ಮೂಗಿನ ಹೊಳ್ಳೆ ಅರಳಿತು.

"ಮಗಾ, ಇವತ್ತಾದ್ರೂ ಬಿಡಬಾರದಿತ್ತಾ?"

ಸೂಜಿ ಚುಚ್ಚುವ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ಟು! ಅದರ ಹತ್ತಿಯನ್ನು ನಾನು ಅಂಗಿಯ ತೋಳಿನೊಳಗೆ ಹಾಗೇ ಮಡಿಸಿಟ್ಟುಕೊಂಡು ಬಂದಿದ್ದೆ. ಹತ್ತಿ ತೆಗೆದು ತೋರಿಸಿದೆ, ಸೂಜಿಯ ಗುರುತು ತೋರಿಸಿದೆ. ಕೂಗಾಡಿದೆ. ಕೂಗಾಡಿದ್ದೂ ನಾನು ಕುಡಿದದ್ದಕ್ಕೆ ಸಾಕ್ಷಿಯಾಯಿತು. ಅಪ್ಪನೂ ಹೀಗೆಯೇ ಕೂಗಾಡುತ್ತಿದ್ದನಲ್ಲ.

ಕೂಗುವಾಗ ದನಿ ತುಕ್ಕು ಹಿಡಿದ ಬಾಗಿಲಿನ ಹಾಗೆ ಕೇಳಿಸಿತು. ಗಂಟಲು ಕೆಟ್ಟಿದೆ.

ಮಾರ್ಚ್ ೧೬, ಸೋಮವಾರ

ಇಳಿದಿಲ್ಲ. ಇನ್ನೂ ಏರಿದೆ.

ಡಾಕ್ಟರು ಕೈ ತೊಳೆದುಕೊಂಡರು. ಅಮಾನತು. ಬಾಟಲಿ ಬೆಂಚೂ ಹೋಯಿತು.

ಮಾರ್ಚ್ ೨೭, ಶುಕ್ರವಾರ

ವಿಚಾರಣೆ. ಉದ್ದನೆಯ ಮೇಜು, ಮೂವರು ಅಧಿಕಾರಿಗಳು, ತಲೆಯ ಮೇಲೆ ಒಂದು ಫ್ಯಾನು. ಫ್ಯಾನು ಆರಿಸಿ ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವೆಟರಿನ ಗುಂಡಿ ಹಾಕಿಕೊಂಡು ಕೂತೆ.

ಕಂಡಕ್ಟರನನ್ನು ಕರೆಸಿದ್ದರು. ಪಾಪ, ನನ್ನ ಕಡೆ ನೋಡಲಾರದೆ ಹೇಳಿದ: ಮಾತು ಎಳೆಯುತ್ತಾರೆ. ಇಳಿಯುವಾಗ ತೂರಾಡುತ್ತಾರೆ. ನಿಲ್ದಾಣಗಳನ್ನು ಮರೆತು ಮುಂದಕ್ಕೆ ಹೋಗುತ್ತಾರೆ. ಶಾಲೆಯ ಹತ್ತಿರ ನಡೆದದ್ದನ್ನೂ ಹೇಳಿದ. ಬಾಯಿಂದ ಯಾವತ್ತಾದರೂ ವಾಸನೆ ಬಂದಿದೆಯೇ ಎಂದು ಕೇಳಿದಾಗ, "ಇಲ್ಲ" ಎಂದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆಗ ಬಾಗಿಲು ತೆರೆದು ಅಣ್ಣ ಒಳಗೆ ಬಂದ.

ಗಡ್ಡ ಬೋಳಿಸಿದ್ದ. ಕೆನ್ನೆಯ ಮೇಲೆ ಎರಡು ಕಡೆ ಕುಯ್ದುಕೊಂಡಿದ್ದ. ಇಸ್ತ್ರಿ ಮಾಡಿದ ಅಂಗಿ. ಬೆಳಗಿನಿಂದ ಮುಟ್ಟಿರಲಿಲ್ಲ ಎಂದು ಕಾಣುತ್ತದೆ, ಕೈಗಳು ನಡುಗುತ್ತಿದ್ದವು, ಎರಡನ್ನೂ ಕಂಕುಳಲ್ಲಿ ಅವುಚಿಕೊಂಡಿದ್ದ.

"ನಾನು ಇವನ ಅಣ್ಣ. ಒಂದು ಮಾತು ಹೇಳಿ ಹೋಗ್ತೀನಿ ಸ್ವಾಮಿ. ಕುಡುಕ ಅಂದ್ರೆ ನಾನು. ಊರಿಗೆಲ್ಲ ಗೊತ್ತು. ಜೊತೆಗೆ ಬಾರೋ ಅಂತ ಇವನನ್ನ ನೂರು ಸಲ ಕರೆದಿದ್ದೀನಿ, ಅಳ್ತಾ ಕರೆದಿದ್ದೀನಿ. ಒಂದು ಸಲನೂ ಬರಲಿಲ್ಲ. ನಿಮ್ಮ ಮಿಷನ್ನು ಏನಾದ್ರೂ ಹೇಳ್ಲಿ. ಅದು ಇವನ ಜೊತೆ ಬೆಳೆದಿಲ್ಲ, ನಾನು ಬೆಳೆದಿದ್ದೀನಿ."

ಒಬ್ಬ ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಇನ್ನೊಬ್ಬ, "ಅಣ್ಣತಮ್ಮಂದಿರು ಒಳ್ಳೆ ಜೋಡಿ" ಎಂದ. ಅಣ್ಣ ಆ ನಗೆಗೆ ತಾನೂ ನಕ್ಕ, ಅಭ್ಯಾಸ ಅವನಿಗೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಯಾಕೆ ಬಂದೆ, ಯಾರು ಕರೆದರು ನಿನ್ನನ್ನು ಎಂದು ಹೊರಗೆ ಬಂದ ಮೇಲೆ ಅವನ ಮೇಲೇ ಎಗರಿದೆ.

"ಬೇರೆ ಯಾರೂ ಬಂದಿರಲಿಲ್ವಲ್ಲೋ" ಎಂದ.

ತೀರ್ಪು: ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಿ ಬಂದರೆ ನೋಡೋಣ.

ಏಪ್ರಿಲ್ ೩, ಶುಕ್ರವಾರ

ಕೇಂದ್ರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಒಬ್ಬೊಬ್ಬರೂ ಎದ್ದು ನಿಂತು ನಾನು ಕುಡುಕ ಎಂದು ಹೇಳಬೇಕು. ನನ್ನ ಸರದಿ ಬಂತು. ಏಳಲು ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಒತ್ತಬೇಕಾಯಿತು. ಎಂಥ ಕುರ್ಚಿಗಳೋ, ಕೂತರೆ ನುಂಗಿಬಿಡುತ್ತವೆ. ಪಕ್ಕದವನು ಎದ್ದು ಕಂಕುಳಿಗೆ ಕೈ ಕೊಟ್ಟ.

"ನಾನು ಬಸ್ ಡ್ರೈವರ್" ಎಂದೆ.

ಸಲಹೆಗಾರ ಮುಗುಳ್ನಕ್ಕ. "ಒಪ್ಪಿಕೊಳ್ಳದೇ ಇರೋದೇ ಈ ಕಾಯಿಲೆಯ ಮೊದಲ ಲಕ್ಷಣ."

"ಒಪ್ಪಿಕೊಂಡ್ರೆ?"

"ಒಪ್ಪಿಕೊಂಡ್ರೆ ಕಾಯಿಲೆ ಇದೆ ಅಂತಾಯ್ತಲ್ಲ."

ಈ ಬಲೆಯನ್ನು ಹೆಣೆದವನು ಯಾರೋ, ಅವನ ಕೈಗೆ ಬಸ್ಸು ಕೊಡಬೇಕು. ಪಕ್ಕದವನು ಮಾತ್ರ ಹೋಗುವಾಗ, "ನಿಮ್ಮದು ನಿಜ ಅನ್ಸುತ್ತೆ ಕಣ್ರೀ" ಎಂದ.

ಏಪ್ರಿಲ್ ೭, ಮಂಗಳವಾರ

ಮಲಗಿದೆ. ಎದ್ದೆ. ಮತ್ತೆ ಮಲಗಿದೆ. ಹೆಂಡತಿ ಏನೋ ಕೇಳಿದಳು. ಉತ್ತರ ಹುಡುಕುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಏಪ್ರಿಲ್ ೧೧, ಶನಿವಾರ

ಚಳಿ. ಚಪ್ಪಲಿ ಬಿಗಿ.

ಏಪ್ರಿಲ್ ೧೫, ಬುಧವಾರ

ನನ್ನ ರಕ್ತವನ್ನು ಬೇರೆ ಯಾರದ್ದರ ಜೊತೆಗೋ ಅದಲು ಬದಲು ಮಾಡಿದ್ದಾರೆ. ಈ ಯೋಚನೆ ಬೆಳಿಗ್ಗೆ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ?

"ನಡೀರಿ, ಹೋಗಿ ಕೇಳೇ ಬಿಡೋಣ" ಎಂದಳು ಹೆಂಡತಿ. ಅವಳು ನಂಬಿ ಹೊರಟಳೋ, ಇನ್ನು ನನ್ನನ್ನು ಹೀಗೆ ನೋಡಲಾರದೆ ಹೊರಟಳೋ ತಿಳಿಯದು. ಡಿಪೋದ ರಕ್ತವೆಲ್ಲ ಹೋಗುವುದು ದೊಡ್ಡಾಸ್ಪತ್ರೆಯ ಪ್ರಯೋಗಾಲಯಕ್ಕೆ. ಅದು ಎರಡನೆಯ ಮಹಡಿಯಲ್ಲಿದೆ. ಹತ್ತುವಾಗ ನಡುವೆ ಮೂರು ಕಡೆ ನಿಂತು ಆ ಕಟ್ಟಡ ಕಟ್ಟಿದವನನ್ನು ಶಪಿಸಿದೆ.

ಅಲ್ಲಿನ ಮುಖ್ಯಸ್ಥೆ ನರೆಗೂದಲ ಡಾಕ್ಟರಮ್ಮ. ತುರುಬಿನ ಗಂಟಿನಲ್ಲಿ ಪೆನ್ನು ಸಿಕ್ಕಿಸಿಕೊಂಡಿದ್ದರು. ಹಿಂದೆ ಗಾಜಿನ ಗೋಡೆ, ಅದರಾಚೆ ಸಣ್ಣ ಸಣ್ಣ ಕೊಳವೆಗಳನ್ನು ಹೊತ್ತು ಗಿರಗಿರ ತಿರುಗುವ ಯಂತ್ರಗಳು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನೀವು ಕಳ್ಳರು, ಕೊಳವೆ ಬದಲಾಯಿಸಿದ್ದೀರಿ, ನನ್ನ ಹೊಟ್ಟೆಯ ಮೇಲೆ ಹೊಡೆದಿದ್ದೀರಿ. ಅವರು ಸಿಟ್ಟಾಗಲಿಲ್ಲ. ನನ್ನನ್ನೇ ನೋಡುತ್ತಿದ್ದರು, ಕಿವಿಗಿಂತ ಕಣ್ಣಿನಿಂದ ಹೆಚ್ಚು ಕೇಳುವವರ ಹಾಗೆ.

"ಈ ಬಿಸಿಲಲ್ಲಿ ಸ್ವೆಟರ್ ಯಾಕೆ ಹಾಕಿದ್ದೀರಿ?"

"ಚಳಿ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ದನಿ ಮೊದಲಿಂದ ಹೀಗೇನಾ?"

"ಇಲ್ಲ ಡಾಕ್ಟ್ರೇ, ಹಾಡೋ ದನಿ ಇತ್ತು ಇವರದು" ಎಂದು ಹೆಂಡತಿ ಹೇಳಿಬಿಟ್ಟಳು. ಅವಳಿಗೆ ಯಾಕೆ ಬೇಕಿತ್ತು ಅದು?

"ಕೈ ಊರದೆ ಕುರ್ಚಿಯಿಂದ ಎದ್ದೇಳಿ ನೋಡೋಣ."

ಕುರ್ಚಿ ತಗ್ಗಿದೆ ಎಂದೆ. ಅವರು ತಮ್ಮ ಕುರ್ಚಿಯನ್ನೇ ತಂದಿಟ್ಟರು. ಅದೂ ತಗ್ಗಾಗಿತ್ತು. ಮುಂದಕ್ಕೆ ಬಾಗಿದೆ, ತಿಣುಕಿದೆ. ಏಳಲಾಗಲಿಲ್ಲ. ಹೆಂಡತಿ ಬಾಯಿಗೆ ಅಂಗೈ ಒತ್ತಿಕೊಂಡಳು. ಆಮೇಲೆ ಎದುರು ಕೋಣೆಯಿಂದ ರಬ್ಬರಿನ ಸುತ್ತಿಗೆ ತರಿಸಿ ನನ್ನ ಹಿಮ್ಮಡಿಯ ಮೇಲಿನ ನರಕ್ಕೆ ತಟ್ಟಿದರು. ಪಾದ ಸಣ್ಣಗೆ ಒದೆಯಿತು, ಮತ್ತೆ ತನ್ನ ಜಾಗಕ್ಕೆ ಬರಲು ಸೋಮಾರಿತನ ಮಾಡಿತು. ಡಾಕ್ಟರಮ್ಮ "ಹ್ಞೂಂ" ಎಂದರು.

"ನಿಮ್ಮ ರಕ್ತ ಬದಲಾಗಿಲ್ಲ. ನಮ್ಮ ಅಂಕಿನೂ ತಪ್ಪಿಲ್ಲ. ಓದಿದವರು ತಪ್ಪಾಗಿ ಓದಿರಬಹುದು. ಎಂಜೈಮು ಅಂದ್ರೆ ಜೀವಕೋಶದ ಒಳಗೆ ಕೆಲಸ ಮಾಡೋ ವಸ್ತು. ಕೋಶಕ್ಕೆ ಏಟಾದ್ರೆ ರಕ್ತಕ್ಕೆ ಬರುತ್ತೆ. ಎಷ್ಟು ಚುರುಕಾಗಿ ಕೆಲಸ ಮಾಡುತ್ತೆ ಅಂತ ನಾವು ಅಳೀತೀವಿ. ಆದರೆ ಎಲ್ಲಿಂದ ಬಂದೆ ಅಂತ ಅದು ವಿಳಾಸ ಹೇಳಲ್ಲ. ನಿಮ್ಮ ಡಾಕ್ಟರು ಹಿಡಿದ ಎಂಜೈಮು ಲಿವರಲ್ಲೂ ಇರುತ್ತೆ, ಸ್ನಾಯುಗಳಲ್ಲೂ ಇರುತ್ತೆ. ಅವರು ಒಂದೇ ಮನೆ ಬಾಗಿಲು ತಟ್ಟಿ ವಾಪಸ್ ಹೋಗಿದ್ದಾರೆ."

ಮತ್ತೆ ರಕ್ತ ತೆಗೆದರು. ನಾಳಿದ್ದು ಬರಬೇಕಂತೆ.

ಏಪ್ರಿಲ್ ೧೭, ಶುಕ್ರವಾರ

ನಾನು ಕುಡುಕನಲ್ಲ!

ನನಗೆ ಇದು ಮೊದಲೇ ಗೊತ್ತಿತ್ತು. ಆದರೂ ಡಾಕ್ಟರಮ್ಮ ಹೇಳಿದಾಗ ಕಣ್ಣು ತುಂಬಿ ವರದಿಯ ಹಾಳೆಯೇ ಕಾಣಲಿಲ್ಲ.

ಅವರು ಹೇಳಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ. ಕುಡಿಯುವವರಲ್ಲಿ ಸಾಮಾನ್ಯವಾಗಿ ಏರುವ ಇನ್ನೊಂದು ಲಿವರ್ ಎಂಜೈಮು ಇದೆ, ಜಿಜಿಟಿ. ನನ್ನದು ನೆಟ್ಟಗಿದೆ. ಡಿಪೋದವರು ಅದನ್ನು ಕೇಳಿಯೇ ಇರಲಿಲ್ಲ. ಸ್ನಾಯುವಿನದೇ ಆದ ಸಿಪಿಕೆ ಎಂಬ ಎಂಜೈಮು ಮಾತ್ರ ಇರಬೇಕಾದ್ದಕ್ಕಿಂತ ಹತ್ತು ಪಟ್ಟಿಗೂ ಮೇಲೆ. ಸೋರುತ್ತಿರುವುದು ಲಿವರಲ್ಲ, ತೊಡೆ ತೋಳುಗಳು. ಕಾರಣ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ, ಅದು ಕೆಲಸ ನಿಲ್ಲಿಸಿ ತಿಂಗಳುಗಳೇ ಆಗಿವೆ. ಚಳಿ, ಊದಿದ ಮುಖ, ಎಳೆಯುವ ಮಾತು, ಉದುರುವ ಕೂದಲು ಎಲ್ಲ ಅದರದೇ. ದಿನಕ್ಕೊಂದು ಮಾತ್ರೆ. ಹಂತಹಂತವಾಗಿ ಹೆಚ್ಚಿಸುತ್ತಾರೆ.

ಆಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು.

"ನಿಮ್ಮನ್ನ ಬಸ್ಸಿಂದ ಇಳಿಸಿದ್ದು ಸರಿಯಾಯ್ತು."

"ಏನಂದ್ರಿ?"

"ಕಾರಣ ತಪ್ಪು. ಇಳಿಸಿದ್ದು ತಪ್ಪಲ್ಲ. ಕಣ್ಣು ಕಂಡದ್ದು ಕಾಲಿಗೆ ತಲುಪೋಕೆ ನಿಮಗೆ ಎಷ್ಟು ಹೊತ್ತು ಹಿಡೀತಿತ್ತು ಅಂತ ನಿಮಗೆ ಗೊತ್ತೇ ಆಗಿಲ್ಲ."

ನಾನು ಜಗಳಕ್ಕೆ ನಿಂತೆ. ಬ್ರೇಕ್ ಕೆಟ್ಟಿತ್ತು ಎಂದೆ. ಅವರು ಮಾತ್ರೆಯ ಚೀಟಿ ಬರೆದು ಕೈಗಿಟ್ಟರು. ಮೆಟ್ಟಿಲಿಳಿಯುತ್ತ ಆ ಹೆಂಗಸು ಅಂಗೈಯಿಂದ ಬಡಿದ ಸದ್ದು ಕೇಳಿಸಿತು. ಮಗುವಿನ ಮುಖವನ್ನು ನಾನು ನೋಡಿರಲೇ ಇಲ್ಲ.

ಏಪ್ರಿಲ್ ೧೯, ಭಾನುವಾರ

ಅಮ್ಮನಿಗೆ ಹೆಂಡತಿ ಎಲ್ಲ ವಿವರಿಸಿದ್ದಾಳೆ. ಅಮ್ಮ ನನ್ನ ಹಾಸಿಗೆಯ ತುದಿಯಲ್ಲಿ ಬಂದು ಕೂತಳು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ.

"ಮೂಸಿದ್ದು ತಪ್ಪಾಯ್ತು ಮಗಾ."

"ಅಣ್ಣನ ಅಂಗಿನ ಯಾವತ್ತಾದ್ರೂ ಮೂಸಿದ್ದೀಯಾ ನೀನು?"

"ಅವನದು ಮೂಸೋದೇನಿದೆ? ಅವನು ಹೋದ ಅಂತ ನನಗೆ ಯಾವತ್ತೋ ಗೊತ್ತಾಯ್ತು. ನೀನೂ ಹೋದ್ಯಾ ಅಂತ ನೋಡ್ತಿದ್ದೆ."

ತಿರುಗಿ ನೋಡಿದೆ. ಅವಳು ಅಳುತ್ತಿರಲಿಲ್ಲ. ನನ್ನ ಊದಿದ ಪಾದವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಒತ್ತತೊಡಗಿದಳು. ಸಿಟ್ಟು ಇನ್ನೂ ಇತ್ತು. ಕಾಲನ್ನು ಮಾತ್ರ ಹಿಂದಕ್ಕೆಳೆದುಕೊಳ್ಳಲಿಲ್ಲ.

ಮೇ ೨೦, ಬುಧವಾರ

ಇವತ್ತು ಸ್ವೆಟರ್ ಮರೆತು ಹೊರಗೆ ಹೋಗಿದ್ದೆ. ಹೆಂಡತಿಯೇ ಹೇಳಿದಳು. ಮುಖದ ಊತ ಇಳಿದು ಹಳೆಯ ಮೂಗು ಮತ್ತೆ ಕಾಣಿಸಿದೆಯಂತೆ. ಇಳಿಯದೆ ಇದ್ದರೇ ಚೆನ್ನಾಗಿತ್ತು ಎಂದಳು, ಗಯ್ಯಾಳಿ.

ಮ್ಯಾನೇಜರ್ ಕರೆಸಿದ್ದರು. ಡಾಕ್ಟರಮ್ಮನ ಪತ್ರ ಅವರ ಮೇಜಿನ ಮೇಲಿತ್ತು. ಎದ್ದು ನಿಂತು ಕೈ ಕುಲುಕಿದರು.

"ಎಲ್ಲ ಒಳ್ಳೇದಾಯ್ತು. ಮೈ ಪೂರ್ತಿ ಸರಿಹೋದ ಮೇಲೆ ಬನ್ನಿ, ಬಸ್ಸು ಕಾಯ್ತಾ ಇರುತ್ತೆ. ಹಳೇದನ್ನ ಕೆದಕೋದು ಬೇಡ."

"ನೀವು ಎಲ್ಲರ ಮುಂದೆ ನನ್ನನ್ನ ಬಾಟಲಿ ಬೆಂಚಿನ ಮೇಲೆ ಕೂರಿಸಿದ್ರಿ. ಈಗ ಕೋಣೆ ಬಾಗಿಲು ಹಾಕ್ಕೊಂಡು ಕೈ ಕುಲುಕಿದ್ರೆ ಆಯ್ತಾ?"

ಬೆಳಗಿನ ಪಾಳಿಯವರು ಸೇರುವ ಹೊತ್ತಿಗೆ ಡಾಕ್ಟರು ಬಂದು ಹೇಳಲಿ ಎಂದು ಪಟ್ಟು ಹಿಡಿದೆ. ಇಲ್ಲದಿದ್ದರೆ ನಾನೂ ಏಳುವುದಿಲ್ಲ, ಇಲ್ಲೇ ಕೂರುತ್ತೇನೆ, ಈಗ ಯಾವ ಕುರ್ಚಿಯಿಂದಲೂ ಏಳಬಲ್ಲೆ, ಆದರೂ ಏಳುವುದಿಲ್ಲ ಎಂದೆ.

ಮೇ ೨೨, ಶುಕ್ರವಾರ

ಡಾಕ್ಟರು ಬಂದರು. ಅಂಗಳದಲ್ಲಿ ಡ್ರೈವರುಗಳು, ಕಂಡಕ್ಟರುಗಳು, ವರ್ಕ್‌ಶಾಪಿನವರು. ಡಾಕ್ಟರು ತಮ್ಮ ಬೂಟಿಗೆ ಹೇಳುವವರ ಹಾಗೆ, "ಒಂದು ತಾಂತ್ರಿಕ ಗೊಂದಲ ಆಗಿತ್ತು" ಎಂದರು.

"ತಾಂತ್ರಿಕ ಅಲ್ಲ" ಎಂದೆ. ದನಿ ಅಂಗಳದ ಆ ತುದಿಯವರೆಗೆ ಹೋಯಿತು. "ಯಂತ್ರ ಸರಿಯಾಗೇ ಹೇಳಿತ್ತು. ನೀವು ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ. ದಿನಕ್ಕೆ ಎಷ್ಟು ಅಂತ. ಚಳಿ ಆಗುತ್ತಾ ಕೇಳ್ಲಿಲ್ಲ, ಮೆಟ್ಟಿಲು ಹತ್ತೋಕೆ ಆಗುತ್ತಾ ಕೇಳ್ಲಿಲ್ಲ, ಮೈ ಮುಟ್ಟಿ ನೋಡ್ಲಿಲ್ಲ. ಕಾಗದ ನೋಡಿ ಮನುಷ್ಯನ ಮೇಲೆ ಮುದ್ರೆ ಒತ್ತಿದ್ರಿ. ಅದನ್ನ ಹೇಳಿ."

ಅವರು ತಲೆಯೆತ್ತಿ, "ಹೌದು, ಕೇಳಬೇಕಿತ್ತು. ಕೇಳಲಿಲ್ಲ" ಎಂದರು. ಇಷ್ಟನ್ನೇ ಅಂದರು. ಸಾಲದು. ಆದರೂ ಅಂದರು.

ಹಿಂದಿನಿಂದ ಮೇಸ್ತ್ರಿಯ ದನಿ: "ಹಾಗಾದ್ರೆ ಕ್ಲಚ್ಚು ಸರಿಯಾಗೇ ಇತ್ತು ಅಂತಾಯ್ತು!"

ಅಂಗಳವೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ ಎಂದು ಕಂಡಕ್ಟರ್ ಹೇಳುತ್ತಾನೆ. ನೆನಪಿಲ್ಲ.

ಜೂನ್ ೮, ಸೋಮವಾರ

ಮತ್ತೆ ರಕ್ತ ಕೊಡಲು ಹೋಗಬೇಕಿತ್ತು. ಅಣ್ಣನೂ ಹೊರಟ. ವಿಚಾರ ತಿಳಿದಾಗಿನಿಂದ ಅವನಿಗೆ ಹಿಗ್ಗು, ತನ್ನ ಸಾಕ್ಷಿಯೇ ಗೆದ್ದಿತು ಎಂದು ಬೀದಿಗೆಲ್ಲ ಹೇಳಿಕೊಂಡಿದ್ದಾನೆ. ಡಾಕ್ಟರಮ್ಮನ ಮುಂದೆ ಅಂಗಿಯ ತೋಳು ಮಡಚಿ ನಿಂತ.

"ನನ್ನದೂ ತೆಗೀರಿ ಮೇಡಂ. ನಲವತ್ತು ವರ್ಷದ ಸರ್ವೀಸು. ಕುಡಿಯದ ಇವನಿಗೇ ಅಷ್ಟು ಬಂದಿತ್ತಲ್ಲ, ನನಗೆ ಎಷ್ಟು ಬರುತ್ತೋ ನೋಡೋಣ."

ನಗುತ್ತಲೇ ಅವರು ಅವನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು. ಬಿಳಿ ಇರಬೇಕಾದಲ್ಲಿ ಹಳದಿ. ಆಮೇಲೆ ನಗಲಿಲ್ಲ.

ಜೂನ್ ೧೦, ಬುಧವಾರ

ನನ್ನ ಸಿಪಿಕೆ ಹೆಚ್ಚುಕಡಿಮೆ ಮಾಮೂಲಿಗೆ ಬಂದಿದೆ. ಅಣ್ಣನ ಜಿಜಿಟಿ ಬರೆಯಲು ಮನಸ್ಸಿಲ್ಲ. ಲಿವರ್ ಬಹಳ ದೂರ ಹೋಗಿದೆ. ಈಗಲೇ ನಿಲ್ಲಿಸಿದರೆ ಇನ್ನೂ ತಿರುಗಿ ಬರುವ ದಾರಿ ಇದೆ, ಕೆಲವು ತಿಂಗಳ ಆಮೇಲೆ ಇರುವುದಿಲ್ಲ ಎಂದರು. ಒಂದೇ ಸಲ ತಾನಾಗಿ ನಿಲ್ಲಿಸಬಾರದಂತೆ, ಆಸ್ಪತ್ರೆಯಲ್ಲಿಟ್ಟುಕೊಂಡು ನಿಲ್ಲಿಸಬೇಕಂತೆ.

ಅಣ್ಣ ಹೊರಗೆ ಬಂದು ಗೋಡೆಗೆ ಒರಗಿ, "ನಿನ್ನ ಎಂಜೈಮು ಸುಳ್ಳು ಹೇಳ್ತು, ನಂದು ನಿಜ ಹೇಳ್ತು, ಲೆಕ್ಕ ಸಮ" ಎಂದ. ನಾನು ನಗುತ್ತೇನೆ ಎಂದು ಕಾದ. ನಗಲಿಲ್ಲ.

ನಾಳೆ ಸೇರಿಸುತ್ತೇನೆ. ಅಮ್ಮನಿಗೆ ಹೇಳಿದಾಗ ಅವಳು ಅವನ ಚೀಲಕ್ಕೆ ನನ್ನ ಎರಡು ಅಂಗಿ ಮಡಿಸಿ ಹಾಕಿದಳು.

ಜುಲೈ ೬, ಸೋಮವಾರ

ಎರಡು ವಾರ ಆಸ್ಪತ್ರೆಯಲ್ಲಿದ್ದು ಬಂದ ಅಣ್ಣ ಮೊನ್ನೆ ಒಂದು ದಿನ ಜಾರಿ ಕುಡಿದುಬಿಟ್ಟ. ಅಳುತ್ತ ಬಂದು ಹೇಳಿದ್ದೂ ಅವನೇ. ಬೆಳಿಗ್ಗೆ ಪರೀಕ್ಷೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ರಜೆಯಲ್ಲಿದ್ದರು. ರಕ್ತ ತೆಗೆಯುವ ಹೆಂಗಸು ಅವನ ಹೆಸರಿನ ಚೀಟಿ ಓದಿ, ಹಳದಿ ಕಣ್ಣು ನೋಡಿ, ನಡುಗುವ ಕೈ ನೋಡಿ, ಪಕ್ಕದವಳಿಗೆ ಕೇಳಿಸುವ ಹಾಗೆ, "ಇನ್ನೊಂದು ಕುಡುಕರ ಕೇಸು" ಎಂದಳು. ಅವನ ತೋಳನ್ನು ಎರಡು ಬೆರಳಿನಲ್ಲಿ, ಸತ್ತ ಇಲಿಯನ್ನು ಹಿಡಿಯುವ ಹಾಗೆ ಹಿಡಿದಳು.

ನನಗೆ ಮೈಯೆಲ್ಲ ಉರಿದುಹೋಯಿತು.

"ಏನಮ್ಮಾ, ಅದು ಮನುಷ್ಯನ ಕೈ. ಸರಿಯಾಗಿ ಹಿಡ್ಕೊಳ್ಳಿ. ಕಾಯಿಲೆ ಅಂತ ಬಂದಿದ್ದಾನೆ. ಕಾಯಿಲೆಯವನು ಅನ್ನೋದಷ್ಟೇ ನಿಮಗೆ ಗೊತ್ತಿದ್ರೆ ಸಾಕು. ಮಿಕ್ಕಿದ್ದನ್ನ ನಿಮ್ಮ ಬಾಯಿಂದ ಇನ್ನೊಂದು ಸಲ ಕೇಳಿದ್ರೆ ಇಲ್ಲಿಂದ ನಾನು ಕದಲಲ್ಲ."

ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳ ಮುಖ ಕೆಂಪಾಯಿತು. ತೋಳನ್ನು ಮೇಜಿನ ಮೇಲೆ ಮೆತ್ತಗೆ ಇರಿಸಿ, ನರ ಹುಡುಕಿ, ಒಂದೇ ಸಲಕ್ಕೆ ಚುಚ್ಚಿದಳು. "ನೋವಾಯ್ತಾ?" ಎಂದೂ ಕೇಳಿದಳು.

ಹೊರಗೆ ಬಂದ ಮೇಲೆ ಅಣ್ಣ, "ನಿನಗ್ಯಾಕೋ ಇಷ್ಟು ಸಿಟ್ಟು? ಅವಳು ಹೇಳಿದ್ದು ನಿಜಾನೇ ಅಲ್ವೇನೋ?" ಎಂದ.

ನಿಜವೋ ಸುಳ್ಳೋ, ಅವಳು ಹಾಗೆ ಅನ್ನಬಾರದಿತ್ತು, ಅಷ್ಟೆ. ಅವನ ಕೈ ನಡುಗಿ ಹತ್ತಿ ಜಾರುತ್ತಿತ್ತು. ಅದನ್ನು ನಾನೇ ಒತ್ತಿ ಹಿಡಿದುಕೊಂಡು ಬಸ್ ನಿಲ್ದಾಣದವರೆಗೂ ಪಕ್ಕದಲ್ಲೇ ನಡೆದೆ.